ಕಡಲ ಬದಿಯ ಮನೆಗೆ ಕಾಂಕ್ರೀಟ್ ದಾರಿ: ಓದುಗರು ಕೇಳಿದ್ದು, ನಾವು ಹೇಳುವುದು

ಮಳೆ ನಿಂತು ಅಂಗಳ ಒಣಗುತ್ತಿದ್ದಂತೆ, ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗೆ ಕಾಂಕ್ರೀಟ್ ಹಾಕಿಸುವವರ ಪತ್ರಗಳು ಬರತೊಡಗುತ್ತವೆ. ಈ ಸಲ ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಯ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ. ಘಟ್ಟದ ಮೇಲೆ ಚೆನ್ನಾಗಿ ಬಾಳುವ ಕೆಲಸವೇ ಇಲ್ಲಿ ಕೆಲವೇ ವರ್ಷಗಳಲ್ಲಿ ಕೈಕೊಡುತ್ತದೆ. ಹಾಗಾಗಿ ಉತ್ತರಗಳನ್ನೂ ಇಲ್ಲಿನ ಗಾಳಿ, ನೀರು, ಮಣ್ಣು ನೋಡಿಯೇ ಬರೆದಿದ್ದೇವೆ.

ಮಲ್ಪೆ ಹತ್ತಿರದ ಓದುಗರು: ನಮ್ಮ ಮನೆಯಿಂದ ಕಡಲಿಗೆ ಹೆಚ್ಚೆಂದರೆ 300 ಮೀಟರ್. ಆರು ವರ್ಷದ ಹಿಂದೆ 4 ಇಂಚು ದಪ್ಪ, 8 ಎಂ.ಎಂ. ಕಬ್ಬಿಣ ಹಾಕಿ ದಾರಿ ಮಾಡಿಸಿದ್ದೆವು. ಈಗ ಚೌಕುಳಿ ಸೀರೆಯ ಹಾಗೆ ಗೆರೆಗೆರೆಯಾಗಿ ಬಿರುಕು ಬಿಟ್ಟಿದೆ, ಅಲ್ಲಲ್ಲಿ ತುಕ್ಕಿನ ಕಲೆ, ಚಕ್ಕೆ ಏಳುತ್ತಿದೆ. ಮೇಸ್ತ್ರಿಯವರು ‘ಕಬ್ಬಿಣ ಸಾಲಲಿಲ್ಲ, ಈ ಸಲ 10 ಎಂ.ಎಂ. ಹಾಕುವ’ ಎನ್ನುತ್ತಾರೆ. ಹಾಕಿಸಬಹುದೇ?

ಬೇಡ. ನಿಮ್ಮ ದಾರಿಯನ್ನು ಒಡೆದಿರುವುದು ಆ ಕಬ್ಬಿಣವೇ. ಬಿರುಕು ಎಲ್ಲೆಂದರಲ್ಲಿ ಓಡಿದ್ದರೆ ಬೇರೆ ಕಾರಣ ಹುಡುಕಬೇಕಿತ್ತು. ಸರಳು ಕಟ್ಟಿದ ಅಂತರಕ್ಕೆ ಸರಿಯಾಗಿ, ಚೌಕ ಚೌಕವಾಗಿ ಬಿಟ್ಟಿದೆ ಎಂದರೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ‘ಟಣ್’ ಎನ್ನುತ್ತದೆ. ಸರಳಿನ ಮೇಲೆ, ಬಿರುಕಿನ ಎರಡೂ ಬದಿ ‘ಡಬ್ ಡಬ್’ ಎಂದು ಪೊಳ್ಳು ಸದ್ದು ಬರುತ್ತದೆ. ಅಲ್ಲೆಲ್ಲ ಮೇಲಿನ ಪದರ ಆಗಲೇ ಬಿಟ್ಟುಕೊಂಡಿದೆ.

ಸಿಮೆಂಟು ಕ್ಷಾರ. ಅದರ ಒಳಗಿರುವ ಕಬ್ಬಿಣದ ಮೈಮೇಲೆ ಒಂದು ತೆಳು ರಕ್ಷಣಾ ಪೊರೆ ಇರುತ್ತದೆ, ಅದು ಇರುವವರೆಗೂ ತುಕ್ಕಿಲ್ಲ. ಉಪ್ಪುಗಾಳಿಯ ಕ್ಲೋರೈಡು ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ನೀರಿನ ಜೊತೆ ಇಳಿಯುತ್ತಾ ಹೋಗಿ ಸರಳನ್ನು ಮುಟ್ಟಿದ ದಿನ ಆ ಪೊರೆ ಒಡೆಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಎಳೆತ ತಡೆಯಲಾರದ ಕಾಂಕ್ರೀಟು ಸೀಳುತ್ತದೆ. ಆ ಸೀಳಿನಿಂದ ಇನ್ನಷ್ಟು ಉಪ್ಪು, ಇನ್ನಷ್ಟು ನೀರು.

ಇದನ್ನು ತಡೆಯಬೇಕಾದರೆ ಸರಳಿನ ಸುತ್ತ ಗಟ್ಟಿ ಕಾಂಕ್ರೀಟು ಬೇಕಷ್ಟು ದಪ್ಪ ಇರಬೇಕು. ಕಾಂಕ್ರೀಟು ಕೆಲಸಕ್ಕಿರುವ ಭಾರತೀಯ ಮಾನಕ, ಐಎಸ್ 456 ಸಂಹಿತೆ, ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟನ್ನು ‘ತೀವ್ರ’ ವರ್ಗಕ್ಕೆ ಸೇರಿಸಿ 45 ಎಂ.ಎಂ. ಕವರ್ ಕೇಳುತ್ತದೆ. ಅಲೆಯ ತುಂತುರು ಬೀಳುವಲ್ಲಿ 50. ಈಗ ಲೆಕ್ಕ ನೋಡಿ: ನಿಮ್ಮ ಚಪ್ಪಡಿ 4 ಇಂಚು ಎಂದರೆ 100 ಎಂ.ಎಂ. ಮೇಲೆ 45, ಕೆಳಗೆ 45 ಬಿಟ್ಟರೆ ಉಳಿಯುವುದು 10. ಅಡ್ಡ ಉದ್ದ ದಾಟುವ 8 ಎಂ.ಎಂ. ಸರಳು ಎರಡು ಸೇರಿದರೆ 16. 4 ಇಂಚಿನ ದಾರಿಯಲ್ಲಿ ಕಬ್ಬಿಣಕ್ಕೆ ಜಾಗವೇ ಇಲ್ಲ. 10 ಎಂ.ಎಂ. ಸರಳು ಹಾಕಿದರೆ ಇನ್ನೂ ಇಕ್ಕಟ್ಟು.

ಇನ್ನೊಂದು ಮಾತು. ನೆಲಕ್ಕೆ ಪೂರ್ತಿ ಆತುಕೊಂಡ ಚಪ್ಪಡಿಯಲ್ಲಿ ಈ ತೆಳು ಜಾಲರಿ ಭಾರ ಹೊರುವುದಿಲ್ಲ. ಕಾರಿನ ಒಂದು ಚಕ್ರದ ಭಾರ 300ರಿಂದ 450 ಕಿಲೋ, ಅದು ಚಪ್ಪಡಿಯ ಮೂಲಕ ಹರಡಿ ನೆಲಕ್ಕೇ ಹೋಗುತ್ತದೆ. ಜಾಲರಿ ಮಾಡುವ ಕೆಲಸ ಒಂದೇ, ಬಿಟ್ಟ ಬಿರುಕು ಅಗಲವಾಗದಂತೆ ಹಿಡಿಯುವುದು. ಆ ಕೆಲಸವನ್ನು ಸರಿಯಾದ ಅಂತರದ ಜಾಯಿಂಟುಗಳಿಂದ, ಅಂದರೆ ಬಿರುಕು ಅಲ್ಲೇ ಬೀಳಲೆಂದು ನಾವೇ ಬಿಡುವ ಸಂದುಗಳಿಂದ, ಕಬ್ಬಿಣವಿಲ್ಲದೆಯೇ ಮಾಡಬಹುದು. ಆದ್ದರಿಂದ ಕಡಲ ಬದಿಯಲ್ಲಿ ನಮ್ಮ ಸಲಹೆ ಇದು: ಕಬ್ಬಿಣದ ಹಣವನ್ನು ದಪ್ಪಕ್ಕೆ ಮತ್ತು ಅಡಿಪಾಯಕ್ಕೆ ಹಾಕಿ. ಕಾರು, ಜೀಪಿಗೆ 5 ಇಂಚು ಕಬ್ಬಿಣರಹಿತ ಕಾಂಕ್ರೀಟು ಸಾಕು. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಒಳಗೆ ಬರುವುದಿದ್ದರೆ ಅದು ಓಡಾಡುವ ಭಾಗ 7 ಇಂಚು ಇರಲಿ.

ಈ ಮಾತು ನೆಲಕ್ಕೆ ಆತುಕೊಂಡ ಚಪ್ಪಡಿಗೆ ಮಾತ್ರ. ಚರಂಡಿ, ಸೆಪ್ಟಿಕ್ ಟ್ಯಾಂಕು, ನೀರಿನ ಸಂಪಿನ ಮೇಲೆ ಹಾಯುವ ಚಪ್ಪಡಿಗೆ ಕಬ್ಬಿಣ ಬೇಕೇ ಬೇಕು. ಅಲ್ಲಿ ಇಂಜಿನಿಯರ್ ಲೆಕ್ಕ ಹಾಕಿಕೊಟ್ಟ ಸರಳು, ಕನಿಷ್ಠ ಎಂ30 ಕಾಂಕ್ರೀಟು (‘ಎಂ’ ಮುಂದಿನ ಅಂಕಿ ಗಟ್ಟಿತನದ ದರ್ಜೆ, ಹೆಚ್ಚಿದಷ್ಟೂ ಗಟ್ಟಿ), ಕಾಂಕ್ರೀಟಿನದೇ ಕವರ್ ಬ್ಲಾಕು. ಜಲ್ಲಿ ತುಂಡು, ಹೆಂಚಿನ ಚೂರು ಇಟ್ಟು ಸರಳು ಎತ್ತುವುದನ್ನು ಒಪ್ಪಬೇಡಿ.

ಹಳೆಯದಕ್ಕೆ ತೇಪೆ ಹಾಕಿಸುವ ಯೋಚನೆಯಿದ್ದರೆ ಬಿಡಿ. ಉಪ್ಪು ಹೀರಿದ ಚಪ್ಪಡಿಯಲ್ಲಿ ಒಂದು ಕಡೆ ಹೊಸ ಗಾರೆ ತುಂಬಿದರೆ ಅದರ ಅಂಚಿನಾಚೆಯ ಹಳೆಯ ಸರಳು ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಒಡೆಸಿ, ಕಬ್ಬಿಣ ಆರಿಸಿ ತೆಗೆಸಿ. ಉಳಿದ ಚೂರನ್ನು 40 ಎಂ.ಎಂ.ಗಿಂತ ಸಣ್ಣದಾಗಿ ಒಡೆದು ಹೊಸ ದಾರಿಯ ಕೆಳಪದರಕ್ಕೆ ಹಾಕಬಹುದು.

ಕುಂದಾಪುರದ ಓದುಗರು: 10 ಅಡಿ ಅಗಲ, 40 ಅಡಿ ಉದ್ದದ ದಾರಿ. ಸಿಮೆಂಟು ಯಾವುದು, ಎಷ್ಟು ಚೀಲ, ಹೊಯಿಗೆ ಜಲ್ಲಿ ಎಷ್ಟು? ಸರಿಯಾದ ಲೆಕ್ಕ ಕೊಡಿ.

400 ಚದರ ಅಡಿಗೆ 5 ಇಂಚು ದಪ್ಪವೆಂದರೆ 167 ಘನ ಅಡಿ, ಅಂದರೆ 4.7 ಘನ ಮೀಟರ್. ಪೋಲು ಸೇರಿಸಿ 5 ಘನ ಮೀಟರ್ ಹಿಡಿಯಿರಿ. ಸಿಮೆಂಟು 1, ಹೊಯಿಗೆ ಒಂದೂವರೆ, ಜಲ್ಲಿ 3ರ ಮಿಶ್ರಣಕ್ಕೆ ಘನ ಮೀಟರಿಗೆ 8 ಚೀಲ ಬೇಕಾಗುತ್ತದೆ. ಒಟ್ಟು 40 ಚೀಲ ಸಿಮೆಂಟು, ಸುಮಾರು 75 ಘನ ಅಡಿ ಹೊಯಿಗೆ ಅಥವಾ ಎಂ-ಸ್ಯಾಂಡ್, 150 ಘನ ಅಡಿ ಜಲ್ಲಿ. ಜಲ್ಲಿಯಲ್ಲಿ ಮೂರರಲ್ಲಿ ಎರಡು ಪಾಲು 20 ಎಂ.ಎಂ., ಒಂದು ಪಾಲು 12 ಎಂ.ಎಂ. ಬರೀ 20 ಎಂ.ಎಂ. ಹಾಕಿದರೆ ನಡುವಿನ ಸಂದು ತುಂಬಲು ಗಾರೆ ಹೆಚ್ಚು ಬೇಕಾಗುತ್ತದೆ, ಕುಗ್ಗುವಿಕೆಯೂ ಹೆಚ್ಚು.

ಕಬ್ಬಿಣರಹಿತ ಕಾಂಕ್ರೀಟಿಗೆ ಈ ‘ತೀವ್ರ’ ವರ್ಗದಲ್ಲಿ ಸಂಹಿತೆ ಕೇಳುವ ಕನಿಷ್ಠ ಮಟ್ಟ ಎಂ20, ಘನ ಮೀಟರಿಗೆ 250 ಕಿಲೋ ಸಿಮೆಂಟು, ಸಿಮೆಂಟಿನ ತೂಕದ ಅರ್ಧಕ್ಕೆ ಮೀರದ ನೀರು. ನಾವು ಅದಕ್ಕಿಂತ ಮೇಲೆ ಹೋಗಲು ಹೇಳುವುದು ಟಯರಿನ ಸವೆತಕ್ಕಾಗಿ ಮತ್ತು ಉಪ್ಪುನೀರು ಒಳಗೆ ಇಳಿಯದಿರಲೆಂದು.

ಸಿಮೆಂಟಿನಲ್ಲಿ ನಮ್ಮ ಮೊದಲ ಆಯ್ಕೆ ಕಬ್ಬಿಣದ ಕುಲುಮೆಯ ಕಿಟ್ಟ ಸೇರಿದ ಸ್ಲ್ಯಾಗ್ ಸಿಮೆಂಟು, ಅದು ಸಿಗದಿದ್ದರೆ ಹಾರುಬೂದಿ ಸೇರಿದ ಪಿಪಿಸಿ. ಎರಡೂ ನಿಧಾನವಾಗಿ ಗಟ್ಟಿಯಾಗುತ್ತವೆ, ಆದರೆ ರಂಧ್ರಗಳು ಸಣ್ಣದಾಗಿ ಉಪ್ಪು ಇಳಿಯುವುದು ಕಷ್ಟವಾಗುತ್ತದೆ. ಬೇಗ ಹಿಡಿಯುತ್ತದೆಂದು 53 ಗ್ರೇಡ್ ಓಪಿಸಿ (ಇಂಥದ್ದೇನೂ ಬೆರೆಸದ ಸಾದಾ ಸಿಮೆಂಟು) ಕೊಳ್ಳುವುದರಿಂದ ಇಲ್ಲಿ ಲಾಭವಿಲ್ಲ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ, ಮೂರು ತಿಂಗಳಿಗಿಂತ ಹಳೆಯದನ್ನು ವಾಪಸು ಕಳಿಸಿ. ನಮ್ಮ ತೇವದ ಗಾಳಿಯಲ್ಲಿ ನೆಲದ ಮೇಲೆ ಇಟ್ಟ ಚೀಲ ಅದಕ್ಕೂ ಮೊದಲೇ ಗಂಟು ಕಟ್ಟುತ್ತದೆ. ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಪೇರಿಸಿ.

ಎಲ್ಲಕ್ಕಿಂತ ಮುಖ್ಯ ನೀರು. ಒಂದು ಚೀಲಕ್ಕೆ ಒಟ್ಟು 22 ಲೀಟರ್, ಅಷ್ಟೇ. ಹೊಯಿಗೆಯಲ್ಲಿ ಆಗಲೇ ಇರುವ ನೀರೂ ಈ 22ರೊಳಗೇ ಬರಬೇಕು. ಒದ್ದೆ ಹೊಯಿಗೆಯಾದರೆ ಚೀಲಕ್ಕೆ ನಾಲ್ಕು ಲೀಟರಿನಷ್ಟು ಅಲ್ಲೇ ಇರುತ್ತದೆ, ಮೇಲಿನಿಂದ 18 ಹಾಕಿದರೆ ಸಾಕು. ಇಷ್ಟರಲ್ಲಿ ಕಾಂಕ್ರೀಟು ಬಿಗಿ ಎನಿಸುತ್ತದೆ. ಅದಕ್ಕೆ ಮದ್ದು ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲ ಮಾಡುವ ದ್ರವ, ಪ್ಲಾಸ್ಟಿಸೈಸರ್: ಚೀಲಕ್ಕೆ ಸಾಮಾನ್ಯವಾಗಿ 100ರಿಂದ 250 ಮಿ.ಲೀ., ಡಬ್ಬದ ಮೇಲೆ ಬರೆದ ಪ್ರಮಾಣವೇ ಅಂತಿಮ. ಅದನ್ನು ಮಿಕ್ಸರಿಗೆ ಹಾಕುವ ನೀರಿನಲ್ಲಿ ಕಲಸಿ ಹಾಕಬೇಕು, ಒಣ ಸಿಮೆಂಟಿನ ಮೇಲೆ ಸುರಿಯಬಾರದು.

ಅಳತೆಗೆ ಬಾಂಡ್ಲಿ ಬಳಸಬೇಡಿ, ಒಬ್ಬರ ಬಾಂಡ್ಲಿ ಇನ್ನೊಬ್ಬರಂತೆ ತುಂಬುವುದಿಲ್ಲ. ಒಳಅಳತೆ 40 × 35 × 25 ಸೆಂ.ಮೀ. ಇರುವ ಮರದ ಪೆಟ್ಟಿಗೆ ಮಾಡಿಸಿ. ಅದು ಸರಿಯಾಗಿ 35 ಲೀಟರ್, ಅಂದರೆ ಒಂದು ಚೀಲ ಸಿಮೆಂಟಿನ ಗಾತ್ರ. ಚೀಲಕ್ಕೆ ಒಂದೂವರೆ ಪೆಟ್ಟಿಗೆ ಹೊಯಿಗೆ, ಮೂರು ಪೆಟ್ಟಿಗೆ ಜಲ್ಲಿ. ತೇವದ ಹೊಯಿಗೆ ಉಬ್ಬಿರುತ್ತದೆ, ಅದನ್ನು ಹೀಗೆ ನೋಡಿ: ನೇರ ಗೋಡೆಯ ಗಾಜಿನ ಭರಣಿಯಲ್ಲಿ 20 ಸೆಂ.ಮೀ. ಎತ್ತರಕ್ಕೆ ಹೊಯಿಗೆಯನ್ನು ಸಡಿಲವಾಗಿ ತುಂಬಿ, ಮುಳುಗುವಷ್ಟು ನೀರು ಹಾಕಿ ಕಲಕಿ ಬಿಡಿ. ಅದು 16ಕ್ಕೆ ಇಳಿದರೆ ಕಾಲು ಭಾಗ ಉಬ್ಬು. ಆಗ ಒಂದೂವರೆ ಪೆಟ್ಟಿಗೆಯ ಬದಲು ಎರಡಕ್ಕೆ ತುಸು ಕಡಿಮೆ ಹಾಕಬೇಕು. ಈ ಪರೀಕ್ಷೆಗೆ ಐದು ನಿಮಿಷ ಸಾಕು.

ರೆಡಿಮಿಕ್ಸ್ ತರಿಸುವುದಾದರೆ ಎಂ30, ಸಿಮೆಂಟಿನ ತೂಕಕ್ಕೆ ನೀರಿನ ಅನುಪಾತ 0.45, 20 ಎಂ.ಎಂ. ಜಲ್ಲಿ, ಸ್ಲಂಪ್ (ಹಸಿ ಕಾಂಕ್ರೀಟು ಎಷ್ಟು ಸಡಿಲ ಎಂಬುದರ ಅಳತೆ) 75ರಿಂದ 100 ಎಂ.ಎಂ. ಎಂದು ಬರೆದುಕೊಡಿ. ನಿಮ್ಮ ಇಡೀ ಕೆಲಸ ಒಂದು ಲಾರಿಯಲ್ಲಿ ಮುಗಿಯುತ್ತದೆ. ಲಾರಿ ಬಂದಾಗ ‘ಸ್ವಲ್ಪ ತೆಳು ಮಾಡಿ’ ಎಂದು ಡ್ರಮ್ಮಿಗೆ ಪೈಪು ಇಡುವವರಿರುತ್ತಾರೆ, ಬಿಡಬೇಡಿ. ಘನ ಮೀಟರಿಗೆ 360 ಕಿಲೋ ಸಿಮೆಂಟಿರುವ ಮಿಶ್ರಣಕ್ಕೆ 20 ಲೀಟರ್ ಹೆಚ್ಚಿಗೆ ಸುರಿದರೆ 0.45 ಇದ್ದದ್ದು 0.50 ಆಗುತ್ತದೆ, ನೀವು ದುಡ್ಡು ಕೊಟ್ಟ ಗಟ್ಟಿತನ ಅಲ್ಲೇ ಹೋಯಿತು. ತೆಳು ಬೇಕಾದರೆ ಪ್ಲಾಂಟಿನವರೇ ಪ್ಲಾಸ್ಟಿಸೈಸರ್ ಸೇರಿಸಲಿ.

ಹೊನ್ನಾವರದ ಓದುಗರು: ನಮ್ಮದು ಹೊಳೆಬದಿ. ಮಾರ್ಚ್ ಕಳೆದ ಮೇಲೆ ಬಾವಿನೀರು ಸವಳಾಗುತ್ತದೆ. ಕಬ್ಬಿಣ ಹಾಕದಿದ್ದರೆ ಆ ನೀರು ನಡೆಯುತ್ತದೆಯೇ? ಅಳಿವೆಯ ಹೊಯಿಗೆ ಬಳಸಬಹುದೇ?

ಸಂಹಿತೆಯ ಮಿತಿ ಕಬ್ಬಿಣರಹಿತ ಕಾಂಕ್ರೀಟಿಗೆ ಲೀಟರಿಗೆ 2,000 ಮಿಲಿಗ್ರಾಂ ಕ್ಲೋರೈಡು, ಕಬ್ಬಿಣವಿದ್ದರೆ 500. ಸಮುದ್ರದ ನೀರಿನಲ್ಲಿ ಸುಮಾರು 19,000 ಇರುತ್ತದೆ. ಅಂದರೆ 38 ಕೊಡ ಸಿಹಿನೀರಿಗೆ ಒಂದು ಕೊಡ ಕಡಲ ನೀರು ಸೇರಿದರೂ ಕಬ್ಬಿಣದ ಕೆಲಸಕ್ಕೆ ಆ ನೀರು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ನಾಲಿಗೆಗೆ ಉಪ್ಪು ತಿಳಿಯುವುದು ಸುಮಾರು 250ರಿಂದ. ಹಾಗಾಗಿ ಬಾಯಿಗೆ ಉಪ್ಪೆನಿಸಿದ ನೀರನ್ನು ಪರೀಕ್ಷೆ ಮಾಡಿಸದೆ ಕಬ್ಬಿಣದ ಕೆಲಸಕ್ಕೆ ಮುಟ್ಟಿಸಲೇಬೇಡಿ.

ಕಬ್ಬಿಣವಿಲ್ಲದ ದಾರಿಗೆ ಸ್ವಲ್ಪ ಸವಳು ನಡೆಯುತ್ತದೆ ಎಂಬುದು ನಿಜ. ಆದರೂ ಬೇಡ ಎನ್ನುತ್ತೇವೆ. ಕಾರಣ ಲೆಕ್ಕವೇ ಹೇಳುತ್ತದೆ: 40 ಚೀಲಕ್ಕೆ 22 ಲೀಟರಿನಂತೆ ಕಲಸಲು ಬೇಕಾಗುವ ನೀರು 880 ಲೀಟರ್. ಒಂದು ಸಾವಿರ ಲೀಟರಿನ ಟ್ಯಾಂಕಿನಲ್ಲಿ ಮುಗಿಯುವ ನೀರಿಗಾಗಿ ಜೀವಮಾನದ ಕೆಲಸವನ್ನು ಕೆಡಿಸುವುದೇಕೆ? ಸವಳು ನೀರು ಬಳಸಿದ ಚಪ್ಪಡಿಯಲ್ಲಿ ಬಿಳಿ ಉಪ್ಪು ಏಳುತ್ತದೆ, ಗೇಟಿನ ಕಂಬದ ಬುಡ, ಹತ್ತಿರದ ಗೋಡೆಯ ಕಬ್ಬಿಣಕ್ಕೂ ಅದು ಹೋಗಿ ಸೇರುತ್ತದೆ. ಇನ್ನೂ ಒಳ್ಳೆಯ ದಾರಿಯೆಂದರೆ ಬಾವಿ ಸಿಹಿಯಾಗಿರುವ ನವೆಂಬರ್‌ನಿಂದ ಜನವರಿಯೊಳಗೆ ಕೆಲಸ ಮುಗಿಸುವುದು. ನೀರುಣಿಸಲೂ ಅದೇ ಸಿಹಿನೀರು ಸಿಗುತ್ತದೆ.

ಅಳಿವೆಯ ಹೊಯಿಗೆಯನ್ನು ತೊಳೆಯದೆ ಬಳಸುವ ಮಾತೇ ಬೇಡ. ಒಂದು ಹಿಡಿ ಹೊಯಿಗೆಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕಲಕಿ, ತಿಳಿಯಾದ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಎರಡು ಹನಿ ಬಿಟ್ಟರೆ ಉಪ್ಪಿದ್ದಲ್ಲಿ ಹಾಲಿನಂತೆ ಬೆಳ್ಳಗಾಗುತ್ತದೆ. ಎಷ್ಟಿದೆ ಎಂದು ತಿಳಿಯಲು ಪ್ರಯೋಗಾಲಯವೇ ಬೇಕು, ಸಿವಿಲ್ ವಿಭಾಗವಿರುವ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಚಾರಿಸಿ. ಚಿಪ್ಪಿನ ಚೂರು ಕಣ್ಣಿಗೆ ಕಂಡರೆ ಪರೀಕ್ಷೆಯೂ ಬೇಡ, ಆ ಲೋಡು ಇಳಿಸಿಕೊಳ್ಳಬೇಡಿ.

ಸುರತ್ಕಲ್ ಕಡೆಯ ಓದುಗರು: ಗುಡ್ಡ ತಗ್ಗಿಸಿ ಮಟ್ಟ ಮಾಡಿದ ಜಾಗ. ಎರಡು ಮಳೆಗಾಲಕ್ಕೆ ದಾರಿಯ ಒಂದು ಬದಿ ಎರಡಿಂಚು ಕುಸಿದು ಉದ್ದಕ್ಕೂ ಸೀಳಿದೆ. ಕಾಂಕ್ರೀಟು ಚೆನ್ನಾಗಿಯೇ ಇತ್ತು. ತಪ್ಪು ಎಲ್ಲಿ?

ತಪ್ಪು ಕೆಳಗಿದೆ. ಮುರಕಲ್ಲಿನ ಗಟ್ಟಿ ಹೊದಿಕೆಯನ್ನು ಕಡಿದು ತೆಗೆದರೆ ಅದರಡಿಯಲ್ಲಿ ಬಿಳಿ, ಹಳದಿ, ತಿಳಿ ಗುಲಾಬಿ ಬಣ್ಣದ ಶೇಡಿ ಮಣ್ಣು ಸಿಗುತ್ತದೆ. ಬೇಸಿಗೆಯಲ್ಲಿ ಪಿಕಾಸಿಗೂ ಜಗ್ಗದಷ್ಟು ಗಟ್ಟಿ, ನೀರು ಕುಡಿದರೆ ಗಂಜಿ. ಒಂದು ಹೆಂಟೆಯನ್ನು ಬಕೆಟ್ ನೀರಿನಲ್ಲಿ ಹಾಕಿ ನೋಡಿ, ಶೇಡಿಯಾದರೆ ನೋಡುನೋಡುತ್ತಲೇ ಕರಗಿ ಹರಡಿಕೊಳ್ಳುತ್ತದೆ. ಮುರಕಲ್ಲಿನ ಒಳ್ಳೆಯ ತುಂಡು ಹಾಗೆಯೇ ಇರುತ್ತದೆ. ನಿಮ್ಮಲ್ಲಿ ಅರ್ಧ ದಾರಿ ಕಡಿದ ಜಾಗದ ಮೇಲೆ, ಉಳಿದರ್ಧ ತುಂಬಿದ ಮಣ್ಣಿನ ಮೇಲೆ ಇದೆ. ಮಾಡಿನಿಂದ, ಅಂಗಳದಿಂದ ಇಳಿದ ನೀರು ಚಪ್ಪಡಿಯ ಅಂಚಿನಲ್ಲಿ ನುಗ್ಗಿ ಶೇಡಿಯನ್ನು ತೊಳೆದುಕೊಂಡು ಹೋಗಿದೆ. ಕೆಳಗೆ ಪೊಳ್ಳಾದ ಅಂಚಿನ ಮೇಲೆ ಕಾರು ಹತ್ತಿದಾಗ ಉದ್ದಕ್ಕೂ ಸೀಳಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರು ನಮ್ಮದು. ಇಲ್ಲಿ ನೀರಿಗೆ ಮೊದಲು ದಾರಿ ಮಾಡಬೇಕು, ಕಾರಿಗೆ ಆಮೇಲೆ.

ಹೊಸದಾಗಿ ಮಾಡುವಾಗ ಶೇಡಿಯನ್ನು ಒಂದಡಿ ಆಳಕ್ಕೆ ತೆಗೆಸಿ. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಇಲ್ಲವಾದರೆ ಕೆಳಗಿನ ಮಣ್ಣು ಜಲ್ಲಿಯೊಳಗೆ ಏರುತ್ತದೆ. ತಗ್ಗನ್ನು ಗಟ್ಟಿ ಮುರಕಲ್ಲು ಗ್ರಾವೆಲ್‌ನಿಂದ ತುಂಬಿ, ಮೇಲಿನ 6 ಇಂಚು ಜಲ್ಲಿ ಮತ್ತು ಕ್ರಷರ್ ಪುಡಿಯ ಮಿಶ್ರಣ ಇರಲಿ. ಎಲ್ಲವನ್ನೂ ಸಡಿಲವಾಗಿ 4 ಇಂಚು ಹರಡಿ, 3ಕ್ಕೆ ಕೂರುವವರೆಗೆ ಪ್ಲೇಟ್ ಕಾಂಪ್ಯಾಕ್ಟರ್ ಐದಾರು ಸಲ ಓಡಿಸಿ, ಆಮೇಲೆ ಮುಂದಿನ ಪದರ. ತೇವ ಸರಿಯಿದೆಯೇ ಎಂದು ಕೈಯಲ್ಲಿ ನೋಡಬಹುದು: ಹಿಡಿ ಅದುಮಿದರೆ ಉಂಡೆಯಾಗಬೇಕು, ಸೊಂಟದ ಎತ್ತರದಿಂದ ಬಿಟ್ಟರೆ ಒಡೆಯಬೇಕು, ಅಂಗೈಗೆ ನೀರು ಅಂಟಬಾರದು. ಒಂದೇ ಸಲ ಒಂದಡಿ ತುಂಬಿ ಮೇಲೆ ನೀರು ಬಿಟ್ಟು ‘ಕೂತಿತು’ ಎನ್ನುವುದೇ ಹೆಚ್ಚಿನ ಕುಸಿತಗಳಿಗೆ ಮೂಲ. 400 ಚದರ ಅಡಿಗೆ 6 ಇಂಚು ದಮ್ಮಸು ಮಾಡಿದ ಪದರವೆಂದರೆ 200 ಘನ ಅಡಿ, ತರಿಸುವಾಗ 265ರಿಂದ 270 ಹೇಳಿ.

ಇಳಿಜಾರಿನ ಕಡೆಯ ಅಂಚಿನಲ್ಲಿ ಚಪ್ಪಡಿಯನ್ನು 9 ಇಂಚು ಅಗಲಕ್ಕೆ, ಒಂದಡಿ ಆಳಕ್ಕೆ ಇಳಿಸಿ ಕಾಲು ಕೊಡಿ. ಅದು ನೀರು ಅಡಿಗೆ ನುಗ್ಗದಂತೆ ತಡೆಯುತ್ತದೆ. ಮೇಲ್ಬದಿಯಲ್ಲಿ ಕಣಿ ತೆಗೆದು ಮಾಡಿನ ನೀರನ್ನು ದಾರಿ ಮುಟ್ಟುವ ಮೊದಲೇ ಬೇರೆ ಕಡೆ ತಿರುಗಿಸಿ. ಹೊಸದಾಗಿ ಮೂರ್ನಾಲ್ಕು ಅಡಿ ಮಣ್ಣು ತುಂಬಿದ ಜಾಗವಾದರೆ ಒಂದು ಮಳೆಗಾಲ ಕಾಯುವುದೇ ಒಳ್ಳೆಯದು.

ಕಡಲ ತಡಿಯ ಬರೀ ಹೊಯಿಗೆಯ ನೆಲ ಇದಕ್ಕಿಂತ ಎಷ್ಟೋ ಮೇಲು. ಒದ್ದೆ ಮಾಡಿ ದಮ್ಮಸು ಕೊಟ್ಟು, ಬದಿಗೆ ಹರಿಯದಂತೆ ಎರಡೂ ಕಡೆ ಕಲ್ಲು ಕಟ್ಟಿದರೆ ಸಾಕು.

ಮುಂಬಯಿಯಿಂದ ಓದುಗರು: ಮನೆ ಕಾಪುವಿನಲ್ಲಿ, ನಾವು ಇಲ್ಲಿ. ಕಾಂಕ್ರೀಟು ಹಾಕುವ ದಿನ ಬರಲಾಗುವುದಿಲ್ಲ. ಫೋನಿನಲ್ಲೇ ಏನೇನು ನೋಡಬೇಕು?

ಹಿಂದಿನ ದಿನವೇ ಮೂರು ಫೋಟೊ ತರಿಸಿಕೊಳ್ಳಿ. ಮೊದಲನೆಯದು, ಬದಿಹಲಗೆಯ ಮೇಲೆ ದಾರ ಕಟ್ಟಿ ದಾರದಿಂದ ತಳಕ್ಕೆ ಟೇಪು ಇಟ್ಟದ್ದು, ಒಂದೇ ಕಡೆಯಲ್ಲ, ನಡುವೆಯೂ ಎರಡು ಕೊನೆಯಲ್ಲೂ. ಐದಿಂಚು ಎಂದು ಅಂಚಿನಲ್ಲಿ ತೋರಿಸಿ ನಡುವೆ ಮೂರೂವರೆ ಹಾಕುವುದು ಬಹಳ ಕಂಡಿದ್ದೇವೆ. ಎರಡನೆಯದು, 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಹಾಸಿದ್ದು. ಮೂರನೆಯದು, ಮನೆಯ ಪಾಯ, ಗೇಟಿನ ಕಂಬ, ಚೇಂಬರಿನ ಸುತ್ತ 12 ಎಂ.ಎಂ. ಥರ್ಮೋಕೋಲ್ ಪಟ್ಟಿ ನಿಲ್ಲಿಸಿದ್ದು. ಈ ಪಟ್ಟಿ ಇಲ್ಲದಿದ್ದರೆ ಬಿಸಿಲಿಗೆ ಹಿಗ್ಗಿದ ಚಪ್ಪಡಿ ಕಂಬವನ್ನು ತಳ್ಳುತ್ತದೆ, ಗೇಟು ಕೂಡುವುದಿಲ್ಲ.

ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗಿ ಹತ್ತರೊಳಗೆ ಸುರಿಯುವುದು ಮುಗಿಯಲಿ. ಹೊತ್ತೇರಿದ ಮೇಲೆ ಕಡಲಗಾಳಿ ಏಳುತ್ತದೆ. ಬಿಸಿಲಿಗಿಂತ ಆ ಗಾಳಿ ಹಸಿ ಕಾಂಕ್ರೀಟಿನ ಮೈನೀರನ್ನು ಬೇಗ ಎಳೆದುಕೊಂಡು, ಇನ್ನೂ ಗಟ್ಟಿಯಾಗದ ಮೈಮೇಲೆ ಕೈಬೆರಳಿನ ಉದ್ದದ ಓರೆ ಬಿರುಕುಗಳನ್ನು ಮೂಡಿಸುತ್ತದೆ. ಇದಕ್ಕೆ 12 ಎಂ.ಎಂ. ಪಾಲಿಪ್ರೊಪಿಲೀನ್ ನಾರು ಘನ ಮೀಟರಿಗೆ 900 ಗ್ರಾಂ ಹಾಕಿದರೆ ಒಳ್ಳೆಯ ರಕ್ಷಣೆ. ನಾರು ಹಾಕಿದೆವೆಂದು ಜಾಯಿಂಟು ಬಿಡುವಂತಿಲ್ಲ, ಎರಡರ ಕೆಲಸ ಬೇರೆ ಬೇರೆ.

ಸುರಿದ ಮೇಲೆ ವೈಬ್ರೇಟರ್ ಅಂಚುಗಳಲ್ಲೂ ಹೋಗಬೇಕು. ಮಟ್ಟಗೋಲು ಎಳೆದು ಮರದ ಹಲಗೆಯಲ್ಲಿ ಉಜ್ಜಿದ ಮೇಲೆ ಮೇಲಕ್ಕೆ ನೀರು ಒಸರುತ್ತದೆ. ಆ ನೀರು ಆರುವವರೆಗೆ ಯಾರೂ ಕರಣೆ ಮುಟ್ಟಬಾರದು. ಅದರ ಮೇಲೆ ಒಣ ಸಿಮೆಂಟು ಉದುರಿಸಿ ನುಣ್ಣಗೆ ತೀಡುವ ಅಭ್ಯಾಸ ನಮ್ಮ ಕಡೆ ಬೇರೂರಿದೆ. ಅವತ್ತು ಕನ್ನಡಿಯಂತೆ ಕಾಣುವ ಆ ಪದರ ಎರಡೇ ಮಳೆಗಾಲದಲ್ಲಿ ಹಪ್ಪಳದಂತೆ ಏಳುತ್ತದೆ. ಇದೊಂದನ್ನು ಮೇಸ್ತ್ರಿಗೆ ಮೊದಲೇ, ಖಡಾಖಂಡಿತವಾಗಿ ಹೇಳಿ.

ಜಾಯಿಂಟು 10 ಅಡಿಗೊಂದು, ಆಳ ಒಂದೂಕಾಲರಿಂದ ಒಂದೂವರೆ ಇಂಚು. ಯಂತ್ರದಿಂದ ಕೊಯ್ಯುವುದಾದರೆ ಅದೇ ದಿನ ಸಂಜೆ. ಬ್ಲೇಡು ಜಲ್ಲಿಯನ್ನು ಕೀಳದೆ ಕೊಯ್ಯುವಷ್ಟು ಗಟ್ಟಿಯಾದ ಕೂಡಲೇ ಕೊಯ್ಯಬೇಕು. ‘ನಾಳೆ ಬೆಳಿಗ್ಗೆ ಬರುತ್ತೇವೆ’ ಎಂದರೆ ಅಷ್ಟರಲ್ಲಿ ಬಿರುಕು ತನಗೆ ಬೇಕಾದಲ್ಲಿ ಜಾಯಿಂಟು ಮಾಡಿಕೊಂಡಿರುತ್ತದೆ. ಯಂತ್ರ ಸಿಗದ ಕಡೆ ದಾರಿಯನ್ನು 10 ಅಡಿಯ ಅಂಕಣಗಳಾಗಿ ಭಾಗ ಮಾಡಿ, ಒಂದನೆಯ, ಮೂರನೆಯ ಅಂಕಣ ಮೊದಲು ಹಾಕಿ, ಎರಡು ದಿನ ಬಿಟ್ಟು ಎರಡನೆಯ, ನಾಲ್ಕನೆಯದನ್ನು ಹಾಕಿಸಿ. ಹಾಗೆ ಬಿಡಿಬಿಡಿಯಾಗಿ ಹಾಕುವಾಗ ಎರಡು ಅಂಕಣ ಕೂಡುವ ಅಂಚನ್ನು ಎರಡೂ ಬದಿಯಲ್ಲಿ ಐದಿಂಚಿನ ಬದಲು ಏಳೂವರೆ ಇಂಚು ದಪ್ಪ ಮಾಡಿದರೆ ಎರಡು ಅಂಕಣಗಳನ್ನು ಜೋಡಿಸುವ ಕಬ್ಬಿಣದ ತುಂಡು ಸರಳು (ಡೋವೆಲ್) ಬೇಕಾಗುವುದಿಲ್ಲ. ತಿಂಗಳ ಮೇಲೆ ಸಂದನ್ನು ಊದಿ ಸ್ವಚ್ಛ ಮಾಡಿ ಪಾಲಿಯುರೆಥೇನ್ ಸೀಲಂಟ್ ತುಂಬಿಸಿ.

ಮರುದಿನ ಬೆಳಿಗ್ಗೆಯಿಂದ ಒದ್ದೆ ಗೋಣಿ, ಮೇಲೆ ಪ್ಲಾಸ್ಟಿಕ್ ಹಾಳೆ, 14 ದಿನ. ದಿನಕ್ಕೆರಡು ಸಲ ಪೈಪು ತೋರಿಸಿ ಹೋಗುವುದು ನೀರುಣಿಸಿದಂತಲ್ಲ. ನೆನೆದು ಒಣಗಿ, ನೆನೆದು ಒಣಗಿ ಮೈಬಿರುಕು ಹೆಚ್ಚುತ್ತದೆ. ದಿನವೂ ಮಧ್ಯಾಹ್ನ ಎರಡು ಗಂಟೆಗೆ ಗೋಣಿ ಎತ್ತಿ ಹಿಂಡಿದ ವಿಡಿಯೊ ಕಳಿಸಲು ನೆರೆಯವರಿಗೆ ಹೇಳಿ. ಕೊನೆಯ ಕಂತಿನ ಹಣ 14ನೇ ದಿನದ ಮೇಲೆಯೇ ಕೊಡಿ. ಕಾರು ಎರಡು ವಾರದ ಮೇಲೆ, ಲಾರಿ ಟ್ಯಾಂಕರ್ 28 ದಿನದ ಮೇಲೆ.

ಕಾರವಾರದ ಓದುಗರು: ದಾರಿ ಏರು. ಆಗಸ್ಟ್ ಹೊತ್ತಿಗೆ ಪಾಚಿ ಕಟ್ಟಿ ಹಿರಿಯರು ನಡೆಯುವುದೇ ಕಷ್ಟ. ಆ್ಯಸಿಡ್ ಹಾಕಿ ತೊಳೆಯುತ್ತಿದ್ದೇವೆ.

ಆ್ಯಸಿಡ್ ಇವತ್ತೇ ನಿಲ್ಲಿಸಿ. ಅದು ಪಾಚಿಯ ಜೊತೆ ಸಿಮೆಂಟನ್ನೂ ತಿಂದು ಮೈಯನ್ನು ಒರಟು ಮಾಡುತ್ತದೆ, ಆ ತರಿಯಲ್ಲಿ ಮುಂದಿನ ವರ್ಷ ಪಾಚಿ ಇನ್ನೂ ದಪ್ಪ ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಮ್ಯುರಿಯಾಟಿಕ್ ಆ್ಯಸಿಡ್ ಎಂದರೆ ಹೈಡ್ರೋಕ್ಲೋರಿಕ್, ಕ್ಲೋರೈಡನ್ನು ನೀವೇ ತಂದು ಸುರಿದಂತೆ. ಹತ್ತು ಲೀಟರ್ ನೀರಿಗೆ ಸುಮಾರು 50 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿನೀರನ್ನು ಚೆಲ್ಲಿ, ಕಾಲು ಗಂಟೆ ಬಿಟ್ಟು ಗಟ್ಟಿ ಪೊರಕೆಯಿಂದ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆಯಿರಿ. ಬಾವಿಯ ಕಡೆ, ಗಿಡದ ಬುಡಕ್ಕೆ ಹರಿಯದಿರಲಿ. ಬ್ಲೀಚಿಂಗ್ ಪೌಡರ್ ಮತ್ತು ಆ್ಯಸಿಡ್ ಒಂದೇ ದಿನ, ಒಂದೇ ಬಕೆಟಿನಲ್ಲಿ ಎಂದೂ ಕೂಡದು. ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ಹಳೆಯ ದಾರಿಗೆ ಯಂತ್ರದಿಂದ 10 ಎಂ.ಎಂ. ಅಗಲ, 5 ಎಂ.ಎಂ. ಆಳದ ಗೀರುಗಳನ್ನು 4 ಇಂಚಿಗೊಂದರಂತೆ ಓರೆಯಾಗಿ ಕೊಯ್ಯಿಸಬಹುದು, ನೀರು ಬದಿಗೆ ಹರಿಯುತ್ತದೆ. ಹೊಸದಾದರೆ ಹಸಿಯಿರುವಾಗಲೇ ಅಡ್ಡಕ್ಕೆ ಪೊರಕೆ ಎಳೆದು ಗೆರೆ ಮೂಡಿಸುವುದೇ ಸಾಕು, ಅಡ್ಡ ಇಳಿಜಾರು 50 ಅಡಿಗೆ ಒಂದಡಿ. ಮೇಲೆ ಚಾಚಿದ ಕೊಂಬೆ ಸವರಿ ಬಿಸಿಲು ಬಿದ್ದರೆ ಪಾಚಿ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಉಳ್ಳಾಲದ ಓದುಗರು: ದಾರಿಯ ಬದಿಗೆ ಎರಡು ತೆಂಗಿನಮರ, ಒಂದು ಮಾವು. ಕಡಿಯಬೇಕೆನ್ನುತ್ತಾರೆ. ಇಂಟರ್‌ಲಾಕ್ ಹಾಕಿದರೆ ಉಳಿಸಬಹುದೇ?

ತೆಂಗನ್ನು ಕಡಿಯಬೇಡಿ. ತೆಂಗಿನ ಬೇರು ಹುಟ್ಟಿದ ದಪ್ಪದಲ್ಲೇ ಇರುತ್ತದೆ, ಮಾವು, ಹಲಸಿನಂತೆ ವರ್ಷ ವರ್ಷ ಉಬ್ಬುವುದಿಲ್ಲ, ಹಾಗಾಗಿ ಚಪ್ಪಡಿ ಎತ್ತುವುದಿಲ್ಲ. ಬುಡದ ಸುತ್ತ ನಾಲ್ಕೈದು ಅಡಿ ಬಿಟ್ಟರೆ ಮರಕ್ಕೂ ನೆಮ್ಮದಿ. ಮಾವು ಮಾತ್ರ ಹತ್ತಿರವಿದ್ದರೆ ಎತ್ತಿಯೇ ಎತ್ತುತ್ತದೆ. ಆ ಭಾಗಕ್ಕೆ ಇಂಟರ್‌ಲಾಕ್ ಸರಿ, ಎತ್ತಿದಾಗ ಬಿಚ್ಚಿ ಮಟ್ಟ ಮಾಡಿ ಮತ್ತೆ ಜೋಡಿಸಬಹುದು. ಕಾರು ಓಡಾಡುವುದಾದರೆ 80 ಎಂ.ಎಂ. ಬ್ಲಾಕು, ಎರಡೂ ಬದಿ ಕಾಂಕ್ರೀಟಿನ ಅಂಚುಕಟ್ಟು ಬೇಕು. ಅಡಿಪಾಯದ ಶ್ರಮ ಕಾಂಕ್ರೀಟಿಗೆಷ್ಟೋ ಇದಕ್ಕೂ ಅಷ್ಟೇ.

ಇನ್ನೊಂದು ದಾರಿಯೂ ಇದೆ: ಚಕ್ರ ಓಡುವಲ್ಲಿ ಮಾತ್ರ ಎರಡೂವರೆ ಅಡಿ ಅಗಲದ ಎರಡು ಕಾಂಕ್ರೀಟು ಪಟ್ಟಿ, ನಡುವೆ ಎರಡೂವರೆ ಅಡಿ ಹುಲ್ಲು. ಜಾಯಿಂಟು ಐದಾರು ಅಡಿಗೊಂದು. ಕಾಂಕ್ರೀಟು ಅರ್ಧ ಉಳಿಯುತ್ತದೆ, ಮಳೆನೀರು ಅಲ್ಲೇ ಇಂಗುತ್ತದೆ. ಉಪ್ಪುನೀರು ಬಾವಿಗೆ ನುಗ್ಗುವ ನಿಮ್ಮಂಥ ಊರಿನಲ್ಲಿ ಅಂಗಳದ ಮಳೆನೀರು ಇಂಗಿದಷ್ಟೂ ಬಾವಿಗೆ ಒಳ್ಳೆಯದು. ನೇರ ದಾರಿಗೆ ನಮಗೆ ಇದೇ ಹೆಚ್ಚು ಇಷ್ಟ.

ಭಟ್ಕಳದ ಓದುಗರು: ದಾರಿ ಗಟ್ಟಿಯಾಗಿದೆ. ಆದರೆ ಸ್ಲೈಡಿಂಗ್ ಗೇಟಿನ ಹಳಿಯ ಎರಡೂ ಬದಿ ಕಾಂಕ್ರೀಟು ಒಡೆದು ಏಳುತ್ತಿದೆ. ಸೀಲರ್ ಹೊಡೆದರೆ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಹಳಿಗೆ ಬೆಸೆದು ಕಾಂಕ್ರೀಟಿನೊಳಗೆ ಹೂತ ತುಂಡು ಸರಳುಗಳು ತುಕ್ಕು ಹಿಡಿದಿವೆ. ಹಳಿಯ ಎರಡೂ ಬದಿ ಅರ್ಧರ್ಧ ಅಡಿ ಪೂರ್ತಿ ಆಳಕ್ಕೆ ಕೊಯ್ದು ತೆಗೆಸಿ, ಅಲ್ಲಿ ಬೇರೆಯದೇ ಅಂಕಣವಾಗಿ ಹೊಸ ಕಾಂಕ್ರೀಟು ಹಾಕಿಸಿ. ಅದು ಗಟ್ಟಿಯಾದ ಮೇಲೆ 316 ದರ್ಜೆಯ ಸ್ಟೇನ್‌ಲೆಸ್ ಹಳಿಯನ್ನು ಅದೇ ದರ್ಜೆಯ ಬೋಲ್ಟಿನಿಂದ ಮೇಲಿನಿಂದ ಬಿಗಿಸಿ. ಅಗ್ಗವೆಂದು 304 ತಂದರೆ ಕಡಲಗಾಳಿಗೆ ಅದೂ ಕಂದು ಕಲೆ ಬಿಡುತ್ತದೆ. ಹಳಿಯ ಪಕ್ಕ ನೀರು ನಿಲ್ಲದಂತೆ ಸಣ್ಣ ಇಳಿಜಾರು ಇರಲಿ. ಚರಂಡಿಯ ಜಾಲರಿಯನ್ನೂ ಬದಲಿಸುವುದಾದರೆ ಎರಕದ ಕಬ್ಬಿಣ ಅಥವಾ ಫೈಬರ್‌ನದು ತನ್ನಿ.

ಸೀಲರ್ ಒಳ್ಳೆಯ ದಾರಿಗೆ ಮೊದಲೇ ಹೊಡೆಯುವ ವಸ್ತು. ಮೇಲೆ ಹೊಳಪಿನ ಪದರ ಕಟ್ಟುವ ಪೇಂಟು ಬೇಡ, ಒಳಗೆ ಹೀರಿಕೊಳ್ಳುವ ಸಿಲೇನ್-ಸಿಲಾಕ್ಸೇನ್ ಜಾತಿಯದು ಬೇಕು. ಕಾಂಕ್ರೀಟಿಗೆ 28 ದಿನ ತುಂಬಿ, ಮೈ ಚೆನ್ನಾಗಿ ಒಣಗಿದ ಮೇಲೆ, ಅಂದರೆ ಜನವರಿಯಿಂದ ಏಪ್ರಿಲ್‌ನೊಳಗೆ ಹೊಡೆಯಬೇಕು. ಕೆಲಸ ಮಾಡುತ್ತಿದೆಯೇ ಎಂದು ಒಂದು ಲೋಟ ನೀರು ಚೆಲ್ಲಿ ನೋಡಿ: ಹನಿ ಹನಿಯಾಗಿ ನಿಂತರೆ ಸರಿ, ಹರಡಿ ನೆಲ ಕಪ್ಪಾದರೆ ಮತ್ತೊಂದು ಕೈ ಹೊಡೆಯುವ ಹೊತ್ತಾಗಿದೆ.